ನೀಲಮ್ಮನನ್ನು ಎರಡನೇ ಸಲ ಯಾರೂ ಕೇಳಲಿಲ್ಲ

ಆ ಗಾಡಿ ಮನೆಯ ಮುಂದೆ ಬಂದು ನಿಂತ ದಿನವೇ ನೀಲಮ್ಮನಿಗೆ ಅದರೊಳಗೆ ಕೂತು ಎಲ್ಲಿಗಾದರೂ ಹೋಗಬೇಕು ಅನ್ನಿಸಿಬಿಟ್ಟಿತು. ಎಲ್ಲಿಗೆ ಅನ್ನುವುದು ಆಕೆಗೆ ಮುಖ್ಯವಲ್ಲ. ಒಲೆ ಇರುವ ಗಾಡಿ, ಹಾಸಿಗೆ ಇರುವ ಗಾಡಿ, ಕಿಟಕಿಗೆ ಹೂವಿನ ಪರದೆ ಕಟ್ಟಿದ ಗಾಡಿ. ಅಂಥದ್ದನ್ನು ಆಕೆ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಚೆಸ್ಟರ್‌ಫೀಲ್ಡಿನ ವಯಸ್ಸಾದ ಗಂಡ ಹೆಂಡಿರಿಂದ ಅಳಿಯ ಚಿನ್ಮಯ ಕೊಂಡು ತಂದ ಹಳೆಯ ಮೋಟರ್‌ಹೋಮ್ ಅದು. ಶೆಫೀಲ್ಡಿನ ಆ ಇಳಿಜಾರು ಬೀದಿಯಲ್ಲಿ ಉರುಳಿ ಹೋಗದಂತೆ ಗಾಲಿಗಳಿಗೆ ಕಟ್ಟಿಗೆಯ ತುಂಡು ಕೊಟ್ಟು ನಿಲ್ಲಿಸಿದ್ದ. ಮೊಮ್ಮಕ್ಕಳು ಅದಕ್ಕೆ ವ್ಯಾನ್ ಅನ್ನುತ್ತಿದ್ದರು. ನೀಲಮ್ಮನ ಬಾಯಲ್ಲಿ ಅದು ಗಾಡಿ.

ಬೆಳಿಗ್ಗೆ ಎಲ್ಲರೂ ಹೊರಗೆ ಬಿದ್ದ ಮೇಲೆ ಆಕೆ ಪೊರಕೆ ಹಿಡಿದು ಗಾಡಿ ಹತ್ತುತ್ತಿದ್ದಳು. ಅಲ್ಲಿ ಕಸ ಇರುತ್ತಿರಲಿಲ್ಲ, ಆದರೂ ಗುಡಿಸುತ್ತಿದ್ದಳು. ಪುಟ್ಟ ನಲ್ಲಿಯನ್ನು ತಿರುಗಿಸಿ ನೋಡುತ್ತಿದ್ದಳು. ಆಮೇಲೆ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು, ಎದುರು ಮನೆಯ ಗೋಡೆಯನ್ನೇ ಓಡುತ್ತಿರುವ ಹೊಲಗಳೆಂಬಂತೆ ನೋಡುತ್ತಿದ್ದಳು. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗಲು ದಾರಿಯೂ ಇರಲಿಲ್ಲ. ಮೊದಲನೆಯದಾಗಿ, ಅದು ಮಗಳ ಮನೆ. ಗಂಡ ತೀರಿದ ಮೇಲೆ ನೀಲಮ್ಮ ಗುಳೇದಗುಡ್ಡದಲ್ಲಿ ಮಗನ ಜೊತೆ ಇದ್ದಳು. ಬೇಸಿಗೆಗೆ ಮಾತ್ರ ವೀಸಾ ಮಾಡಿಸಿಕೊಂಡು ಮಗಳು ಅರ್ಪಿತಾಳ ಮನೆಗೆ ಬರುತ್ತಿದ್ದಳು. ಬಂದವರು ಇದು ಬೇಕು, ಅದು ಬೇಕು ಅನ್ನಬಾರದು. ಎರಡನೆಯದು, ಅಳಿಯನ ಎದುರು ನಿಂತು ಮಾತಾಡುವ ರೂಢಿ ಆಕೆಯ ಕಾಲದ ಅತ್ತೆಯರಿಗೆ ಇರಲಿಲ್ಲ. ಚಿನ್ಮಯ ಎರಡು ಮಾರು ದೂರದಲ್ಲಿ ಕೂತಿದ್ದರೂ ನೀಲಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು, “ಅವರಿಗೆ ಚಾಕ ಸಕ್ಕರಿ ಸಾಕೇನು ಕೇಳವಾ” ಎಂದು ಮಗಳಿಗೆ ಹೇಳುತ್ತಿದ್ದಳು. ಚಿನ್ಮಯನೂ ಅದೇ ಕಡೆಯವನು. “ಸಾಕಂತ ಹೇಳು” ಎಂದು ಹೆಂಡತಿಗೇ ಉತ್ತರಿಸುತ್ತಿದ್ದ. ಇಷ್ಟು ವರ್ಷ ಹಾಗೆಯೇ ನಡೆದಿತ್ತು. ಎಂಟು ವರ್ಷದ ಮೊಮ್ಮಗ ಈಶಾನ್ ಅದಕ್ಕೊಂದು ಹೆಸರನ್ನೂ ಇಟ್ಟಿದ್ದ: “ಮಮ್ಮಿ ಈಸ್ ದ ರೌಟರ್.”

ಮೇ ತಿಂಗಳ ಶಾಲೆ ರಜೆಗೆ ಎಲ್ಲಿಗೆ ಹೋಗುವುದೆಂದು ಗೊತ್ತುಮಾಡಲು ಒಂದು ಸಂಜೆ ಎಲ್ಲರೂ ಟೀವಿಯ ಮುಂದೆ ಕೂತರು. ಚಿನ್ಮಯ ರಾದರಮ್‌ನಲ್ಲಿ ಎಂಜಿನಿಯರ್. ಯಾವುದನ್ನೂ ಪೂರ್ತಿ ಓದದೆ ಬಿಡುವವನಲ್ಲ. ಒಂದೊಂದೇ ಕ್ಯಾಂಪ್‌ಸೈಟಿನ ಚಿತ್ರವನ್ನು ಟೀವಿಗೆ ಹಾಕಿ, ಅಲ್ಲಿ ಉಳಿದು ಹೋದವರು ಬರೆದದ್ದನ್ನೆಲ್ಲ ಕೊನೆಯತನಕ ಓದುತ್ತಿದ್ದ. ನೀಲಮ್ಮ ಮೂಲೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಕಿವಿಯೆಲ್ಲ ಅಲ್ಲೇ ಇಟ್ಟಿದ್ದಳು.

“ಇಲ್ಲಿ ಬಾತುಕೋಳಿ ಭಾಳ ಸೊಕ್ಕಿನವು ಅಂತ ಒಬ್ಬಾವ ಬರ್ದಾನ” ಎಂದ ಚಿನ್ಮಯ. “ಇನ್ನೊಬ್ಬಾಕಿ ಗಾಳಿ ಬೀಸ್ತದ ಅಂತ ಎರಡ ಸ್ಟಾರ್ ಕೊಟ್ಟಾಳ.”

“ಗಾಳಿ ಬೀಸಿದ್ದು ಕ್ಯಾಂಪ್‌ಸೈಟಿನವರ ತಪ್ಪೇನು?” ಎಂದಳು ಅರ್ಪಿತಾ.

“ಡ್ಯಾಡ್, ಬ್ರಿಡ್ಲಿಂಗ್‌ಟನ್! ಪೂಲ್ ಇದೆ, ಸ್ಲೈಡ್ ಇದೆ!” ಈಶಾನ್ ಸೋಫಾದ ಮೇಲೆ ಎದ್ದು ನಿಂತ.

“ಪೂಲ್ ಇದ್ದಲ್ಲೆ ಸಂಜೀಕ ಮಕ್ಕಳ ಡಿಸ್ಕೋನೂ ಇರ್ತದ” ಎಂದಳು ಅರ್ಪಿತಾ. ಆಕೆ ಮಕ್ಕಳ ಡಾಕ್ಟರು. “ವರ್ಷಪೂರ್ತಿ ವಾರ್ಡಿನಾಗ ಮಕ್ಕಳು ಅಳೂದು ಕೇಳೀನಿ. ರಜಾದಾಗೂ ಅದನ್ನ ಕೇಳ್ಲೇನು? ನನಗ ಶಾಂತ ಜಾಗಾ ಬೇಕು.”

“ಸಿಗ್ನಲ್ ಇಲ್ಲಾಂದ್ರೆ ಐ ಆಮ್ ನಾಟ್ ಕಮಿಂಗ್” ಎಂದಳು ಹದಿಮೂರರ ಸಮೀಕ್ಷಾ, ಫೋನಿನಿಂದ ಕಣ್ಣೆತ್ತದೆ.

ತಕ್ಷಣ ಇಡೀ ಮನೆ ಆಕೆಯ ಕಡೆ ತಿರುಗಿತು. ಹಂಗಂದ್ರ ಹೆಂಗ, ನೀ ಇಲ್ಲದ ಹೋಗೂದ ಹೆಂಗ, ನಿನಗ ಬೇಕಾದದ್ದು ಹೇಳು, ಎಂದು ಅಪ್ಪ ಒಂದು ಕಡೆಯಿಂದ, ಅವ್ವ ಒಂದು ಕಡೆಯಿಂದ. ಹುಡುಗಿ ತುಟಿ ಮುಂದೆ ಮಾಡಿ ಕೂತು ಸಾಕಷ್ಟು ಹೊತ್ತು ರಮಿಸಿಕೊಂಡು, “ಓಕೆ, ಫೈನ್” ಎಂದಳು. ನೀಲಮ್ಮನಿಗೆ ಇದು ತುಂಬ ಹಿಡಿಸಿತು. ಈ ಮನೆಯಲ್ಲಿ ರೀತಿ ರಿವಾಜು ಇನ್ನೂ ಉಳಿದಿದೆ ಅಂದುಕೊಂಡಳು.

ಆಗ ಚಿನ್ಮಯ ಹೆಂಡತಿಯ ಕಡೆ ಬಾಗಿ, “ಅವ್ವಾರು ಬರ್ತಾರೇನು ಕೇಳು. ಅದನ್ನ ನೋಡಿ ಜಾಗಾ ಹಿಡಿಯೂದು” ಎಂದ.

“ಯವ್ವಾ, ನೀ ಬರ್ತೀಯೇನ ನಮ್ಮ ಜೋಡಿ?”

ನೀಲಮ್ಮನ ಎದೆ ಒಂದು ಸಲ ಹಾರಿತು. ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ನೋಡುತ್ತ ಹೇಳಿದಳು, “ನಾ ಯಾಕವಾ? ಒಲ್ಲೆ. ನೀವು ಹೋಗಿ ಬರ್ರಿ.”

ಇದು ಮೊದಲನೆಯ ಉತ್ತರ. ಕೇಳಿದ ಕೂಡಲೇ ಹೂಂ ಅನ್ನುವುದು ಎಲ್ಲಿಂದಲೋ ಹಸಿದು ಬಂದವರ ಲಕ್ಷಣ ಎಂದು ಆಕೆಯ ತಾಯಿ ಕಲಿಸಿದ್ದಳು. ಎರಡನೇ ಸಲ ಕೇಳಿದಾಗ “ನನ್ನಿಂದ ನಿಮಗ ಸುಮ್ಮನ ತ್ರಾಸ” ಅನ್ನಬೇಕು. ಮೂರನೇ ಸಲ ಕೇಳಿದಾಗ “ನೀವು ಇಷ್ಟ ಅಂತೀರಂದ ಮ್ಯಾಲ” ಎಂದು ಎದ್ದು ಸೀರೆಯ ನೆರಿಗೆ ಸರಿಮಾಡಿಕೊಳ್ಳಬೇಕು. ಊರಲ್ಲಿ ಹುಟ್ಟಿದ ಯಾರಿಗೇ ಆಗಲಿ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

“ಸರಿ ಬಿಡು” ಎಂದ ಚಿನ್ಮಯ. “ದೊಡ್ಡವರಿಗೆ ಒತ್ತಾಯ ಮಾಡಬಾರದು.”

ಟೀವಿಯಲ್ಲಿ ಮುಂದಿನ ಚಿತ್ರ ಬಂತು. ಅರ್ಪಿತಾ ಕೂಡ ಅತ್ತ ತಿರುಗಿದಳು. ನೀಲಮ್ಮ ಎರಡನೆಯ ಉತ್ತರವನ್ನು ನಾಲಿಗೆಯ ತುದಿಗೆ ತಂದುಕೊಂಡು ಕಾದಳು. ಸೊಪ್ಪು ಸೋಸಿ ಮುಗಿಯಿತು. ಬಿಸಾಡುವ ದಂಟನ್ನೂ ಇನ್ನೊಮ್ಮೆ ಸೋಸಿದಳು. ಯಾರೂ ಕೇಳಲಿಲ್ಲ.

ಅತ್ತೆ ಬರುವುದಿಲ್ಲ ಅಂದಮೇಲೆ ಚಿನ್ಮಯನ ಕೈ ಬಿಚ್ಚಿದಂತಾಯಿತು. ಯಾರ್ಕ್‌ಶೈರಿನ ಒಂದು ಗುಡ್ಡದ ಮೇಲೆ ಐದೇ ಗಾಡಿ ನಿಲ್ಲುವ ಹೊಲ ಹುಡುಕಿದ. ಕರೆಂಟಿಲ್ಲ, ಗದ್ದಲವಿಲ್ಲ, ಕತ್ತಲಾದರೆ ಆಕಾಶದ ತುಂಬ ಬರೀ ಚಿಕ್ಕಿ.

“ಜಳಕ ಎಲ್ಲೆ ಮಾಡೂದು?” ಎಂದಳು ಅರ್ಪಿತಾ.

“ಎರಡ ದಿನ ಜಳಕ ಮಾಡ್ಲಿಲ್ಲಂದ್ರ ಏನಾಗ್ತದ? ನಾವ ನಾಲ್ಕ ಮಂದಿ.”

ಗುಡ್ಡದ ತುದಿಯಲ್ಲಿ ಒಂದು ಕಡ್ಡಿಯಷ್ಟು ಸಿಗ್ನಲ್ ಸಿಗುತ್ತದೆ ಎಂದು ಯಾರೋ ಬರೆದಿದ್ದರು, ಸಮೀಕ್ಷಾ ಒಪ್ಪಿದಳು. ಹೊಲದ ಕೆಳಗೆ ಹಳ್ಳವಿತ್ತು, ಈಶಾನ್ ಒಪ್ಪಿದ. ಜಾಗ ಗೊತ್ತಾಯಿತು.

ನೀಲಮ್ಮ ಕೋಣೆಗೆ ಹೋಗಿ ಮಲಗಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಕಂಡ ಒಂದು ಸಂಗತಿ ಕಣ್ಣಿಗೆ ಕಟ್ಟಿತು. ಮನೆಮಂದಿಯೆಲ್ಲ ಲಾರಿ ಮಾಡಿಕೊಂಡು ಮಹಾಕೂಟದ ಜಾತ್ರೆಗೆ ಹೊರಟಿದ್ದರು. ಗಂಡನ ಚಿಕ್ಕಮ್ಮ, ಎಲ್ಲರೂ ಸಣ್ಣತ್ತಿ ಅನ್ನುತ್ತಿದ್ದಾಕೆ, ಮೊದಲ ಸಲ ಕರೆದಾಗ ತಲೆನೋವು ಅಂದಳು. ಎರಡನೇ ಸಲ ಕರೆದಾಗ ಮನೆ ಕಾಯಲು ಯಾರಾದರೂ ಬೇಕಲ್ಲ ಅಂದಳು. ಇಷ್ಟಾಗಿ ಬಾಗಿಲ ಹಿಂದೆ ಆಕೆಯ ರೊಟ್ಟಿಯ ಗಂಟು ಕಟ್ಟಿಟ್ಟಾಗಿತ್ತು, ಹಳೆಯ ಸೀರೆಯ ಕೆಳಗೆ ಹೊಸ ಸೀರೆಯ ಅಂಚು ಇಣುಕುತ್ತಿತ್ತು. ಮೂರನೇ ಸಲ ಕರೆಯುವವರ ಮಾತು ಇನ್ನೂ ಮುಗಿದಿರಲಿಲ್ಲ, ಸಣ್ಣತ್ತಿ ಲಾರಿ ಹತ್ತಿ ಡ್ರೈವರನ ಪಕ್ಕದ ಜಾಗ ಹಿಡಿದಿದ್ದಳು. ಎಷ್ಟು ಸುಖದ ಕಾಲ! ಕರೆಯುವವರಿಗೂ ತಮ್ಮ ಕೆಲಸ ಗೊತ್ತಿತ್ತು, ಕರೆಸಿಕೊಳ್ಳುವವರಿಗೂ ತಮ್ಮದು ಗೊತ್ತಿತ್ತು.

ಬಹುಶಃ ಮರೆತಿರಬೇಕು ಅಂದುಕೊಂಡು ನೀಲಮ್ಮ ನೆನಪು ಮಾಡಿಕೊಡಲು ಹೊರಟಳು. ಮೊದಲು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿದಳು. “ದಾರ್‍ಯಾಗ ಇವು ಛೊಲೊ” ಎಂದು ಮಗಳ ಕಿವಿಗೆ ಬೀಳುವಂತೆ ಹೇಳಿದಳು.

“ಭಾಳ ಛೊಲೊ ಆತು ಯವ್ವಾ. ನಾವು ಒಯ್ತೀವಿ” ಎಂದು ಅರ್ಪಿತಾ ಎರಡೂ ಡಬ್ಬಿಯನ್ನು ಗಾಡಿಯಲ್ಲಿ ಇಟ್ಟು ಬಂದಳು.

ಮರುದಿನ ಮಗಳು ಅಂಗಳದಲ್ಲಿದ್ದಾಗ ಗಾಡಿಯ ಮೆಟ್ಟಿಲನ್ನು ಹತ್ತಿ ಇಳಿದು, ಹತ್ತಿ ಇಳಿದು ತೋರಿಸಿದಳು. “ನೋಡವಾ, ಮಣಕಾಲು ಈಗ ಏನೂ ನೋಯಂಗಿಲ್ಲ.”

“ಹೌದಲ್ಲ! ಹಂಗಾದ್ರ ನಾವು ಇಲ್ಲದಾಗ ದಾಕ್ಷಾಯಣಿ ಆಂಟಿ ಜೋಡಿ ಬೊಟಾನಿಕಲ್ ಗಾರ್ಡನ್ ತನಕ ಅಡ್ಯಾಡಿ ಬರ್ರಿ. ಅವರಿಗೆ ಹೇಳೀನಿ, ನಿನ್ನ ಜೋಡಿ ಇರಾಕ ಬರ್ತಾರ.”

ಜೊತೆಗೆ ಜನವನ್ನೂ ಗೊತ್ತುಮಾಡಿ ಆಗಿತ್ತು! ನೀಲಮ್ಮ ಕೊನೆಗೆ ತನ್ನ ಉಣ್ಣೆಯ ಕಾಲುಚೀಲ ಒಗೆದು ಗಾಡಿಯ ಕನ್ನಡಿಗೇ ಒಣಗಲು ಹಾಕಿದಳು. ಸಂಜೆ ಚಿನ್ಮಯ ಅವನ್ನು ಜೋಪಾನವಾಗಿ ಮಡಚಿ ಒಳಗೆ ತಂದ. “ಅವ್ವಾರ ಕಾಲುಚೀಲ ಗಾಳೀಗೆ ಹಾರಿ ಕನ್ನಡಿಗೆ ಸಿಕ್ಕೊಂಡಿದ್ದುವು, ಕೊಡು” ಎಂದು ಹೆಂಡತಿಯ ಕೈಗೆ ಕೊಟ್ಟ.

ಈಶಾನನನ್ನು ಹಿಡಿದು ಕೇಳಿದಳು, “ಗಾಡ್ಯಾಗ ನಿನ್ನ ಬಾಜೂಕ ಯಾರು ಕೂಡ್ತಾರೋ ಅಪ್ಪಿ?”

“ಫೋಲ್ಡಿಂಗ್ ಚೇರ್ಸ್” ಎಂದ ಹುಡುಗ.

ಹೋಗಿ ನೋಡಿದರೆ ನಿಜ. ಆಕೆ ದಿನಾ ಕೂಡುತ್ತಿದ್ದ ಸೀಟಿನ ಮೇಲೆ ಮಡಚುವ ಖುರ್ಚಿಗಳನ್ನು ಪೇರಿಸಿ ಬೆಲ್ಟು ಕಟ್ಟಿದ್ದರು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾಟಿಂಗ್‌ಹ್ಯಾಮಿನಿಂದ ದಾಕ್ಷಾಯಣಿ ಬಂದರು. ಮೈಸೂರಿನವರು, ಗಂಡ ಜಿಪಿ, ಅಂದರೆ ಊರ ಡಾಕ್ಟರು, ಆಗಿದ್ದವರು. ಈ ದೇಶದಲ್ಲಿ ಮಕ್ಕಳನ್ನು ಬೆಳೆಸಿ, ಮೊಮ್ಮಕ್ಕಳನ್ನೂ ಬೆಳೆಸಿ, ಈಗ ಯಾರು ಕರೆದರೂ ಒಂದು ಪುಟ್ಟ ಸೂಟ್‌ಕೇಸ್ ಎಳೆದುಕೊಂಡು ರೈಲು ಹತ್ತಿಬಿಡುವವರು. ಅರ್ಪಿತಾ ಆಸ್ಪತ್ರೆಯಲ್ಲಿದ್ದಳು. ಚಿನ್ಮಯ ಹೊರಗೆ ಗಾಡಿಗೆ ನೀರು ತುಂಬುತ್ತಿದ್ದ. ಇಬ್ಬರು ಹೆಂಗಸರೂ ಅಡುಗೆಮನೆಯಲ್ಲಿ ಚಹಾ ಹಿಡಿದು ಕೂತರು.

“ನೀವ್ಯಾಕೆ ಹೋಗ್ತಿಲ್ಲ ಇವರ ಜೊತೆ?” ಎಂದರು ದಾಕ್ಷಾಯಣಿ.

“ಒಲ್ಲೆ ಅಂದೆನ್ರಿ.”

“ಯಾಕೆ, ಇಷ್ಟ ಇಲ್ವಾ?”

“ಇಷ್ಟ ಅದರಿ.”

“ಮತ್ತೆ?”

“ಒಂದ ಸಲ ಒಲ್ಲೆ ಅಂದೆ. ಆಮ್ಯಾಲೆ ಅವರು ಕೇಳಲೇ ಇಲ್ಲರಿ.”

ದಾಕ್ಷಾಯಣಿ ಕಪ್ಪನ್ನು ಕೆಳಗಿಟ್ಟರು. ಆಮೇಲೆ ನಗಲು ಶುರುಮಾಡಿದರೆ ನಿಲ್ಲಲೇ ಇಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

“ನಗಬ್ಯಾಡ್ರಿ” ಎಂದಳು ನೀಲಮ್ಮ.

“ನಿಮ್ಮನ್ನ ನೋಡಿ ಅಲ್ಲ ನೀಲಮ್ಮ, ನನ್ನನ್ನೇ ನೋಡಿ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯವಳು ಕರೆದು, ಟೀ ಕುಡೀತೀಯಾ ಅಂದಳು. ಬೇಡ ಅಂದೆ. ಸರಿ ಅಂತ ಒಬ್ಬಳೇ ಕುಡಿದಳು! ನನ್ನೆದುರಿಗೇ, ಕೇಕ್ ಸಮೇತ! ಮನೆಗೆ ಬಂದು ಅತ್ತುಬಿಟ್ಟಿದ್ದೆ. ಇಲ್ಲಿ ಒಂದೇ ಸಲ ಕೇಳೋದು. ನಿಮ್ಮ ಅಳಿಯ ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು? ಅವನೂ ಹಂಗೇ ಆಗಿರ್ತಾನೆ. ಇರಿ, ಅರ್ಪಿತಾಗೆ ಫೋನ್ ಮಾಡಿ ನಾನೇ ಹೇಳ್ತೀನಿ.”

“ಬ್ಯಾಡ್ರಿ! ನೀವು ಹೇಳಿದ್ರ ನಾನ ಹೇಳಿ ಕಳಿಸಿದಂಗ ಆಗ್ತದ.”

“ಹಾಗಾದ್ರೆ ನೀವೇ ಹೇಳಿ. ಅಳಿಯ ಅಲ್ಲೇ ಹೊರಗಿದ್ದಾನೆ.”

“ಹೆಂಗ ಹೇಳೂದ್ರಿ?”

“ಬಾಯಲ್ಲಿ.”

ನೀಲಮ್ಮ ಚಹಾ ಮುಗಿಸಿದಳು. ಕಪ್ಪು ತೊಳೆದಳು. ದಾಕ್ಷಾಯಣಿಯವರ ಕಪ್ಪನ್ನೂ ತೊಳೆದಳು. ಒರೆಸಿದ ಕಟ್ಟೆಯನ್ನು ಮತ್ತೊಮ್ಮೆ ಒರೆಸಿದಳು. ನಾಳೆ ಈ ಹೊತ್ತಿಗೆ ಗಾಡಿ ಇರುವುದಿಲ್ಲ, ಕಟ್ಟೆ ಮಾತ್ರ ಇರುತ್ತದೆ ಅನ್ನಿಸಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಗೆ ನಡೆದಳು.

ಚಿನ್ಮಯ ಗಾಡಿಯ ಪಕ್ಕದ ತೂತಿಗೆ ಪೈಪು ಹಿಡಿದು ನಿಂತಿದ್ದ. ಅತ್ತೆಯನ್ನು ಕಂಡವನೇ ಕಣ್ಣು ಕೆಳಗೆ ಮಾಡಿ, “ಅರ್ಪಿತಾ ಇನ್ನೂ ಡ್ಯೂಟಿ ಮುಗಿಸಿ ಬಂದಿಲ್ಲರಿ” ಎಂದು ಆ ಪೈಪಿಗೇ ಹೇಳಿದ.

“ನೋಡ್ರಿ ಇಲ್ಲೆ” ಎಂದಳು ನೀಲಮ್ಮ.

ಆತ ನೋಡಿದ.

“ನಾನೂ ಬರ್ತೀನ್ರಿ.”

“ಎಲ್ಲಿಗ್ರಿ?”

“ನೀವು ಎಲ್ಲಿಗೆ ಹೊಂಟೀರೋ ಅಲ್ಲಿಗೆ.”

ಟ್ಯಾಂಕು ತುಂಬಿ ನೀರು ಹೊರಗೆ ಬಂದು ಚಿನ್ಮಯನ ಬೂಟಿನ ಮೇಲೆ ಸುರಿಯುತ್ತಿತ್ತು. ಆತನಿಗೆ ಅದನ್ನು ಗಮನಿಸಲು ಸ್ವಲ್ಪ ಹೊತ್ತು ಬೇಕಾಯಿತು. ನಲ್ಲಿ ಬಂದ್ ಮಾಡಿ ಬಂದು ಗಾಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ.

“ಅತ್ತೀರಿ” ಎಂದ. ಆ ಮಾತನ್ನು ಆಕೆಯ ಮುಖಕ್ಕೆ ನೇರವಾಗಿ ಹೇಳಿದ್ದು ಅದೇ ಮೊದಲು. “ಚಳಿಗಾಲಪೂರ್ತಿ ಐದ ಸೀಟಿನ ಗಾಡಿ ಹುಡುಕೀನ್ರಿ. ನಾಲ್ಕ ಸೀಟಿನವು ಬೇಕಾದಷ್ಟು ಸಿಗ್ತಿದ್ದುವು, ಇದರಕಿಂತ ಹೊಸಾವು. ಐದನೇದ್ದು ಯಾರ ಸಲುವಾಗಿ ಅಂತ ತಿಳಿದೀರಿ?”

“ಖುರ್ಚಿ ಸಲುವಾಗಿ ಅಂತ ತಿಳಿದಿದ್ದೆನ್ರಿ.”

“ನಿಮ್ಮ ಸಲುವಾಗಿ! ನೀವು ಒಲ್ಲೆ ಅಂದಾಗ ನನ್ನ ಮಾರಿ ಸಣ್ಣಾತು. ಮತ್ತ ಕೇಳಿದ್ರ ದೊಡ್ಡವರಿಗೆ ಒತ್ತಾಯ ಮಾಡಿದಂಗ ಆಗ್ತದ ಅಂತ ಸುಮ್ಮನಾದೆ.”

“ಒತ್ತಾಯ ಮಾಡಬೇಕಿತ್ರಿ” ಎಂದಳು ನೀಲಮ್ಮ.

ಚಿನ್ಮಯ ತಲೆ ಕೆರೆದುಕೊಂಡ. “ಆದರ ಆ ಗುಡ್ಡ ನಿಮಗ ಆಗಂಗಿಲ್ಲರಿ. ಜಳಕಕ್ಕ ಜಾಗಾ ಇಲ್ಲ, ನಿಮ್ಮ ಪೂಜಿ ಹೆಂಗ? ಇಳಿಜಾರು ಬ್ಯಾರೆ. ನಾಳೆ ಹೊರಡಬೇಕು, ಬ್ಯಾಂಕ್ ಹಾಲಿಡೇ ವಾರ, ದೇಶಕ್ಕೆಲ್ಲ ರಜಾ. ಈಗ ಎಲ್ಲೂ ಜಾಗಾ ಇರಂಗಿಲ್ಲ.”

“ನನ್ನ ಸಲುವಾಗಿ ತ್ರಾಸ ತಗೋಬ್ಯಾಡ್ರಿ. ನಾ ಮನ್ಯಾಗ ಉಳೀ…”

“ಅಜ್ಜಿ! ಸ್ಟಾಪ್!” ಮೇಲಿನ ಕಿಟಕಿಯಿಂದ ಸಮೀಕ್ಷಾ ಅರ್ಧ ಹೊರಗೆ ಬಾಗಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ. “ಯೂ ಜಸ್ಟ್ ಸೆಡ್ ಯೂ ಆರ್ ಕಮಿಂಗ್!”

ನೀಲಮ್ಮ ನಾಲಿಗೆ ಕಚ್ಚಿಕೊಂಡಳು.

ಅರ್ಪಿತಾ ಬಂದಾಗ ಟೀವಿಯ ಮುಂದೆ ಮತ್ತೆ ಎಲ್ಲರೂ ಕೂತಿದ್ದರು, ಚಿನ್ಮಯನ ಕಿವಿಯಲ್ಲಿ ಫೋನಿತ್ತು. ಸಂಗತಿ ತಿಳಿದು ಆಕೆ ಸೊಂಟದ ಮೇಲೆ ಕೈ ಇಟ್ಟು ನಿಂತಳು. “ಯವ್ವಾ, ನನಗರ ಹೇಳಬಾರದಿತ್ತೇನು? ನಾ ನಿನ್ನ ಮಗಳ ಅಲ್ಲೇನು?”

“ನಿನಗರ ತಿಳೀಬಾರದಿತ್ತೇನು? ಗುಳೇದಗುಡ್ಡದಾಗ ಹುಟ್ಟೀದಿ.”

ಅರ್ಪಿತಾ ತಾಯಿಯ ಪಕ್ಕ ಕೂತಳು.

ಸಮೀಕ್ಷಾ ಅಜ್ಜಿಯ ಎದುರು ನೆಲದ ಮೇಲೆ ಕೂತು ತನ್ನ ಮುರುಕು ಕನ್ನಡದಲ್ಲಿ ಕೇಳಿದಳು, “ಅಜ್ಜಿ, ನಿಂಗೆ ಏನು ಬೇಕು? ರಿಯಲಿ ಏನು ಬೇಕು?”

“ನನಗೇನವಾ. ಏನಿದ್ರೂ ನಡೀತದ.”

“ಬ್ಝ್ಝ್! ರಾಂಗ್ ಆನ್ಸರ್!” ಎಂದು ಈಶಾನ್ ಕೂಗಿದ.

ನೀಲಮ್ಮ ಯೋಚಿಸಿದಳು. ಹೀಗೆ ಯಾರೂ ಆಕೆಯನ್ನು ಕೇಳಿರಲಿಲ್ಲ, ಹಾಗಾಗಿ ಉತ್ತರ ಎಲ್ಲಿ ಇದೆಯೆಂದು ಹುಡುಕಬೇಕಾಯಿತು. “ಬೆಳಿಗ್ಗೆ ಬಿಸಿನೀರು ಬೇಕು. ಜಳಕ ಆಗದ ಲಿಂಗಪೂಜಿ ಇಲ್ಲ, ಪೂಜಿ ಆಗದ ನಾ ಏನೂ ತಿನ್ನಂಗಿಲ್ಲ. ನೆಲ ಸಪಾಟ ಇರಬೇಕು.” ಅಲ್ಲಿಗೆ ನಿಲ್ಲಿಸಿದಳು. ಆಮೇಲೆ ಇನ್ನೊಂದು ಸಿಕ್ಕಿತು. “ಮತ್ತ ಮಂದಿ ಇರಬೇಕು. ಬರೇ ಚಿಕ್ಕಿ ನೋಡ್ಕೋತ ಎಷ್ಟೊತ್ತು ಕೂಡ್ತೀರಿ? ಎಲ್ಲಾರೂ ಏನ ಅಡಗಿ ಮಾಡ್ತಾರ, ಹೆಂಗ ಜಗಳಾಡ್ತಾರ, ಕಣ್ಣಿಗೆ ಬೀಳಬೇಕು.”

ಚಿನ್ಮಯನ ಗುಡ್ಡ ಅಲ್ಲಿಗೆ ಮುಗಿಯಿತು. ಅರ್ಪಿತಾಳ ಶಾಂತ ಜಾಗವೂ ಮುಗಿಯಿತು. ಆದರೆ ಯಾರ ಮುಖವೂ ಸಪ್ಪಗಾಗಲಿಲ್ಲ.

ಫೋನು ಮಾಡಿದ ಕಡೆಯೆಲ್ಲ ಜಾಗ ತುಂಬಿತ್ತು. ಒಬ್ಬಾತ ಈ ವರ್ಷದ ಬ್ಯಾಂಕ್ ಹಾಲಿಡೇಯೋ ಬರುವ ವರ್ಷದ್ದೋ ಎಂದು ಕೇಳಿ ನಕ್ಕ. ಪೀಕ್ ಡಿಸ್ಟ್ರಿಕ್ಟಿನ ಒಂದು ಕಡೆ ಎಲ್ಲ ಸರಿಯಿತ್ತು, ಬಿಸಿನೀರು, ಸಪಾಟು ನೆಲ, ಆದರೆ ಅಲ್ಲಿ ದೊಡ್ಡವರಿಗಷ್ಟೇ ಪ್ರವೇಶ; ಮಕ್ಕಳನ್ನು ತರುವಂತಿಲ್ಲ. ಬೇಡ ಅನ್ನಲು ಅರ್ಪಿತಾ ಸ್ವಲ್ಪ ತಡಮಾಡಿದಳು.

“ಬುಕ್ ಮಾಡಮ್ಮ” ಎಂದು ಅಡುಗೆಮನೆಯಿಂದ ದಾಕ್ಷಾಯಣಿ ಕೂಗಿದರು. “ಮಕ್ಕಳಿಗೆ ನಾನು ಬಿಸಿಬೇಳೆಬಾತ್ ಮಾಡಿ ಹಾಕಿ ನೋಡ್ಕೋತೀನಿ.”

“ನೋ!” ಎಂದರು ಮಕ್ಕಳಿಬ್ಬರೂ ಒಟ್ಟಿಗೆ.

ಕೊನೆಗೆ ಲಿಂಕನ್ ಊರಿನಾಚೆ, ಕಡಲಿನ ದಿಕ್ಕಿಗಿದ್ದ ಒಂದು ರೈತರ ಹೊಲದಲ್ಲಿ ಜಾಗ ಸಿಕ್ಕಿತು. ಬರಬೇಕಿದ್ದ ಒಂದು ಕುಟುಂಬದ ಮಕ್ಕಳಿಗೆ ಸೀತಾಳೆ ಸಿಡುಬು ಎದ್ದಿತ್ತಂತೆ. ಫೋನಿನಲ್ಲಿ ಒಡತಿ ಮೊದಲೇ ಹೇಳಿಬಿಟ್ಟಳು: ಹೊಲ ತುಂಬ ಮಕ್ಕಳು, ಬಚ್ಚಲು ಎರಡೇ, ಹುಂಜ ನಸುಕಿನಲ್ಲೇ ಕೂಗುತ್ತದೆ, ಆಮೇಲೆ ದೂರು ಹೇಳಬಾರದು.

ಚಿನ್ಮಯ ಅಭ್ಯಾಸಬಲದಿಂದ ಬಂದುಹೋದವರು ಬರೆದದ್ದನ್ನು ತೆರೆದ. “ಹುಂಜಕ್ಕ ಭಾಳ ಮಂದಿ ಒಂದೊಂದ ಸ್ಟಾರ್ ಕೊಟ್ಟಾರ.”

“ಛೊಲೊ ಆತು” ಎಂದಳು ನೀಲಮ್ಮ, ಮಗಳ ಕಡೆಗಲ್ಲ, ಅಳಿಯನ ಕಡೆಗೇ. “ಅಷ್ಟೊತ್ತಿಗೇ ಎದ್ರ ಬಿಸಿನೀರು ನನಗ ಮೊದಲು ಸಿಗ್ತದ. ಹಿಡೀರಿ ಅದನ್ನ.”

ಮರುದಿನ ಖುರ್ಚಿಗಳು ಗಾಡಿಯ ಸಂಡಾಸದೊಳಗೆ ಹೋದವು, ನೀಲಮ್ಮ ಸೀಟಿಗೆ ಬಂದಳು. ದಾಕ್ಷಾಯಣಿ ಮಾತ್ರ ಹಿಂದೆ ಉಳಿದರು. ನನ್ನಿಂದಾಗಿ ಇಷ್ಟು ದೂರ ಬಂದು ಒಬ್ಬರೇ ಆದಿರಲ್ಲ ಎಂದು ನೀಲಮ್ಮ ಪೇಚಾಡಿದಾಗ, “ನಮ್ಮನೆ ಟೀವಿ ಇದರ ಅರ್ಧ ಇದೆ, ನೀವು ಹೊರಡಿ ಮೊದಲು” ಎಂದು ಬಾಗಿಲಲ್ಲೇ ನಿಂತು ಕೈ ಬೀಸಿದರು.

ಶೆಫೀಲ್ಡಿನ ಏರಿಳಿತ ಮುಗಿದು ಗಾಡಿ ಮೂಡಣಕ್ಕೆ ಸಾಗಿದಂತೆ ನೆಲ ಚಪ್ಪಟೆಯಾಗುತ್ತ ಹೋಯಿತು. ಕಣ್ಣು ಹಾಯುವವರೆಗೂ ಒಂದೇ ಬಯಲು, ಅದರ ಮೇಲೆ ಬೋರಲು ಹಾಕಿದಂಥ ಆಕಾಶ. ವಿಜಾಪುರದ ಕಡೆಯ ಎರೆಹೊಲಗಳು ಮಳೆಗಾಲದಲ್ಲಿ ಹೀಗೇ ಕಾಣುತ್ತವೆ. ಹಿಂದಿನಿಂದ ಒಲೆಯ ಮೇಲಿನ ಪಾತ್ರೆ ಗಲಗಲ ಅನ್ನುತ್ತಿತ್ತು. ಪಕ್ಕದಲ್ಲಿ ಈಶಾನ್ ಆಕೆಯ ತೋಳಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದ. ನೀಲಮ್ಮ ಕೈ ಜೋಮು ಹಿಡಿದರೂ ಅಲ್ಲಾಡಿಸಲಿಲ್ಲ.

ಹೊಲ ಹೇಳಿದ ಹಾಗೆಯೇ ಇತ್ತು. ಎಲ್ಲಿ ನೋಡಿದರೂ ಗಾಡಿ, ಡೇರೆ, ಸೈಕಲ್ಲು, ಹುಡುಗರು. ರಬ್ಬರ್ ಬೂಟು ಹಾಕಿದ ಒಡತಿ ಜಾಗ ತೋರಿಸಿದಳು: ಒಂದು ಪಕ್ಕ ಮೂರು ಮಕ್ಕಳ ಸಂಸಾರ, ಇನ್ನೊಂದು ಪಕ್ಕ ನಾಯಿ ಸಾಕಿದ ವೃದ್ಧ ದಂಪತಿ. ಬಾಗಿಲು ತೆರೆದರೆ ಎದುರಿಗೆ ಹಳದಿ ಹೂ ಬಿಟ್ಟ ಸಾಸಿವೆಯಂಥ ಬೆಳೆ, ಅದರಾಚೆ ಚರ್ಚಿನ ಗೋಪುರ. ಅರ್ಪಿತಾ ಕೂಡ, “ಅಯ್ಯ, ಎಷ್ಟು ಚಂದ ಅದ!” ಎಂದಳು. ಚಿನ್ಮಯ ಗಾಡಿ ನಿಲ್ಲಿಸಿ, ಗಾಲಿಯ ಕೆಳಗೆ ಹಲಗೆ ಕೊಟ್ಟು ಮಟ್ಟ ನೋಡಿ, ಕರೆಂಟಿನ ವೈರು ಜೋಡಿಸಿ, ಬಾಗಿಲ ಮುಂದೆ ಬಟ್ಟೆಯ ಮಾಡು ಬಿಚ್ಚಿ, ಅದರ ಕಾಲುಗಳಿಗೆ ಗೂಟ ಬಡಿದು, ಬೆವರು ಒರೆಸಿಕೊಂಡು ಖುರ್ಚಿಯಲ್ಲಿ ಕೂತು ಕಾಲು ಚಾಚಿದ.

ಒಳಗೆ ನೀಲಮ್ಮ ಸಮೀಕ್ಷಾಳ ಜೊತೆ ಊಟದ ಮೇಜನ್ನು ಇಳಿಸಿ ಹಾಸಿಗೆ ಮಾಡಿ ನೋಡುತ್ತಿದ್ದಳು. ರಾತ್ರಿ ಇಬ್ಬರೂ ಮಲಗುವುದು ಅದರ ಮೇಲೆ. ಆಕೆ ದಿಂಬನ್ನು ಇಟ್ಟಳು, ತಡೆದಳು, ಕೆಳಗಿಳಿದು ಬಂದು ಇಳಿಯುತ್ತಿದ್ದ ಸೂರ್ಯನಿಗೆ ಮುಖ ಮಾಡಿ ನಿಂತು ಬಲಗೈ ಚಾಚಿದಳು. ಕೈ ನೇರವಾಗಿ ದಿಂಬಿನ ಕಡೆಗೆ ಹೋಯಿತು.

“ನೋಡ್ರಿ ಇಲ್ಲೆ” ಎಂದಳು.

ಚಿನ್ಮಯ ತಲೆ ಎತ್ತಿದ.

“ತಲಿದಿಂಬು ಉತ್ತರಕ್ಕ ಬಂದದರಿ.”

ಉತ್ತರಕ್ಕೆ ತಲೆಯಿಟ್ಟು ಯಾರು ಮಲಗುತ್ತಾರೆ? ಅದು ಚಿನ್ಮಯನಿಗೂ ಗೊತ್ತು, ಅರ್ಪಿತಾಳಿಗೂ ಗೊತ್ತು. ಈಶಾನ್ ಮಾತ್ರ ದಿಂಬನ್ನು ಆ ಕೊನೆಗೆ ಇಟ್ಟರಾಯಿತಲ್ಲ ಎಂದು ಕೈಮಾಡಿ ತೋರಿಸಿದ.

“ಆ ಕಡೆ ಸಂಡಾಸದ ಬಾಗಲ ಅದ. ಅದಕ್ಕ ತಲಿ ಕೊಟ್ಟು ಮಲಗ್ಲೇನೋ?”

“ಯವ್ವಾ, ಎರಡ ರಾತ್ರಿ ಅಷ್ಟ. ಅವರು ಈಗರ ಕೂತಾರ” ಎಂದಳು ಅರ್ಪಿತಾ.

ಇರಲಿ ಬಿಡು ಎಂಬ ಮಾತು ನೀಲಮ್ಮನ ಗಂಟಲ ತನಕ ಬಂತು. ಆಕೆ ಮಗಳನ್ನು ನೋಡಿದಳು, ಬಡಿದ ಗೂಟಗಳನ್ನು ನೋಡಿದಳು, ಬಾಯಿ ತೆರೆದು ಕಾಯುತ್ತಿದ್ದ ಈಶಾನನನ್ನು ನೋಡಿದಳು. ಮಾತನ್ನು ನುಂಗಿಕೊಂಡಳು.

“ತಿರುವ್ರಿ” ಎಂದಳು ಅಳಿಯನಿಗೆ.

ಚಿನ್ಮಯ ಎದ್ದ. ಗೂಟ ಕಿತ್ತ, ಮಾಡು ಸುತ್ತಿದ, ವೈರು ಬಿಡಿಸಿದ, ಹಲಗೆ ತೆಗೆದ. ಮಾಡುವಾಗೆಲ್ಲ ಆತನ ಮೀಸೆಯ ಕೆಳಗೆ ನಗು ಆಡುತ್ತಿತ್ತು. ಇಷ್ಟು ಬೇಗ ಯಾಕೆ ಹೊರಟಿರಿ ಎಂದು ಒಡತಿ ಗಾಬರಿಯಾಗಿ ಬಂದಳು. ಅಜ್ಜಿ ಉತ್ತರಕ್ಕೆ ತಲೆಯಿಟ್ಟು ಮಲಗುವುದಿಲ್ಲ ಎಂದು ಸಮೀಕ್ಷಾ ಇಂಗ್ಲಿಷಿನಲ್ಲಿ ವಿವರಿಸಿದಳು. ಹೇಳುವಾಗ ಆಕೆಗೆ ಯಾಕೋ ಒಂದಿಷ್ಟು ಜಂಬ. ಒಡತಿ ಸೂರ್ಯನನ್ನು ನೋಡಿದಳು, ಗಾಡಿಯನ್ನು ನೋಡಿದಳು, ನೀಲಮ್ಮನನ್ನು ನೋಡಿ ತಲೆದೂಗಿದಳು. ಆಮೇಲೆ ತಾನೇ ಗಾಡಿಯ ಹಿಂದೆ ನಿಂತು ಎರಡೂ ಕೈ ಬೀಸಿ, ಬಾ, ಬಾ, ಎಡಕ್ಕೆ, ನಿಲ್ಲು, ಎಂದು ಕೂಗತೊಡಗಿದಳು. ವೃದ್ಧರು ನಾಯಿಯನ್ನು ಎತ್ತಿಕೊಂಡು ನಿಂತರು. ಪಕ್ಕದ ಮೂರು ಮಕ್ಕಳೂ ಈಶಾನನೂ ಸಾಲಾಗಿ ನಿಂತು ದಾರಿ ಬಿಟ್ಟರು. ಗಾಡಿ ಹಿಂದೆ ಮುಂದೆ, ಹಿಂದೆ ಮುಂದೆ ಹೋಗಿ ಪೂರ್ತಿ ಒಂದು ಮಗ್ಗುಲು ಹೊರಳಿ ನಿಂತಾಗ ಯಾರೋ ಚಪ್ಪಾಳೆ ತಟ್ಟಿದರು.

ಈಗ ಬಾಗಿಲು ತೆರೆದರೆ ಎದುರಿಗೆ ಮುಳ್ಳಿನ ಬೇಲಿ. ಹಳದಿ ಹೂವೂ ಇಲ್ಲ, ಗೋಪುರವೂ ಇಲ್ಲ. ಅರ್ಪಿತಾ ಅದನ್ನು ನೋಡಿ, ತಾಯಿಯನ್ನು ನೋಡಿ, ನಗು ತಡೆಯಲಾಗದೆ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು.

ಚಿನ್ಮಯ ಕೆಳಗಿಳಿದ. ಮಡಚಿದ ಖುರ್ಚಿ ಕೈಯಲ್ಲೇ ಇತ್ತು, ಬಿಚ್ಚಲಿಲ್ಲ.

“ಅತ್ತೀರಿ, ಗೂಟ ಬಡಿಯೂಕಿಂತ ಮೊದಲ ಹೇಳಿಬಿಡ್ರಿ. ಮತ್ತೇನರ ಅದನ್ರಿ?”

ನೀಲಮ್ಮ ನಿಧಾನವಾಗಿ ಸುತ್ತಲೂ ನೋಡಿದಳು. ಬೇಲಿಯನ್ನು ನೋಡಿದಳು, ಬಿಸಿಲು ಬೀಳುವ ಕಡೆಯನ್ನು ನೋಡಿದಳು, ಗಾಳಿ ಎತ್ತಲಿಂದ ಬರುತ್ತಿದೆಯೆಂದು ಕೆನ್ನೆ ಕೊಟ್ಟು ನೋಡಿದಳು.

“ಅದರಿ” ಎಂದಳು.